ಇಪ್ಪತ್ತನೇ ತಾರೀಕಿನ ನಂತರ

ಎಷ್ಟಿದ್ದರೆ ಸಾಕು? ನಲವತ್ತೈದು ದಾಟಿದ ನಾಲ್ಕು ಜನ ಒಂದು ಕಡೆ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲು ಶುಗರ್, ಬಿಪಿ. ಆಮೇಲೆ ಮಕ್ಕಳ ಸಿಇಟಿ ರ್‍ಯಾಂಕ್. ಆಮೇಲೆ ಇದು. "ಎರಡು ಕೋಟಿ ಆಗ್ಲಿ ಕಣ್ರೀ, ಮಾರನೇ ದಿನ ರಾಜೀನಾಮೆ ಕೊಟ್ಟು ಊರಿಗೆ ಹೋಗಿಬಿಡ್ತೀನಿ" ಅಂತ ಒಬ್ಬರು. "ಎರಡು ಎಲ್ಲಿ ಸಾಕಾಗುತ್ತೆ ಸಾರ್, ಐದಾದ್ರೂ ಬೇಕು" ಅಂತ ಇನ್ನೊಬ್ಬರು. ನಾನು ಅಕೌಂಟ್ಸ್ ಕೆಲಸದವಳು. ಬೇರೆಯವರ ಲೆಕ್ಕ ನೋಡುತ್ತಲೇ ಅರ್ಧ ಆಯಸ್ಸು ಕಳೆದಿದ್ದೇನೆ. ಐವತ್ತು ಲಕ್ಷ ಆದರೆ ಸಾಕು ಅಂದವರು ಅಷ್ಟು ಆದಾಗ ಒಂದು ಕೋಟಿ ಅಂದದ್ದನ್ನು, ಒಂದು ಕೋಟಿ ಆದಾಗ ಮೂರು ಅಂದದ್ದನ್ನು ಎದುರಿಗೇ ಕೂತು ಕೇಳಿದ್ದೇನೆ. ಅವರು ದುರಾಸೆಯವರೇನಲ್ಲ. ಒಳ್ಳೆಯ ಜನ, ಹೆದರಿದ ಜನ. ಕೋಟಿ ಅನ್ನೋದು ಎಷ್ಟು ದೊಡ್ಡದು ಅಂತ ಅವರಿಗೂ ಅಂದಾಜಿಲ್ಲ, ಅಷ್ಟೇ.

ನನಗನ್ನಿಸುವುದು ಇಷ್ಟು. ಈ ವಯಸ್ಸಿನಲ್ಲಿ ದುಡ್ಡನ್ನು ಲಕ್ಷದಲ್ಲಿ ಎಣಿಸುವುದು ಬಿಟ್ಟು ತಿಂಗಳಲ್ಲಿ ಎಣಿಸಬೇಕು. ನಿಮ್ಮ ಹತ್ತಿರ 22 ಲಕ್ಷ ಇದೆ ಅಂದುಕೊಳ್ಳಿ. ಪಕ್ಕದ ಫ್ಲಾಟ್‌ನವರ ಹತ್ತಿರ ಒಂದು ಕೋಟಿ ಇದ್ದರೆ ನಿಮ್ಮದು ಚಿಲ್ಲರೆ, ಊರಿನ ದಾಯಾದಿಗಳ ಕಣ್ಣಿಗೆ ಅದೇ ಕುಬೇರನ ಖಜಾನೆ. ಆದರೆ ನಿಮ್ಮ ಮನೆ ತಿಂಗಳಿಗೆ 55 ಸಾವಿರದಲ್ಲಿ ನಡೆಯುತ್ತದೆ ಅಂದರೆ ಆ 22 ಲಕ್ಷ ಅಂದರೆ 40 ತಿಂಗಳು. ಮೂರು ವರ್ಷ ನಾಲ್ಕು ತಿಂಗಳು. ಈ ಲೆಕ್ಕವನ್ನು ಪಕ್ಕದವರ ಜೊತೆ ಹೋಲಿಸಲು ಬರುವುದೇ ಇಲ್ಲ, ಅವರ ತಿಂಗಳು ಬೇರೆ, ನಿಮ್ಮ ತಿಂಗಳು ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮಗೆ ಹೇಳಿಕೊಟ್ಟವರು ಬಹಳ ಜನ. ಹಾಸಿಗೆ ಎಷ್ಟುದ್ದ ಇದೆ ಅಂತ ಟೇಪು ಹಿಡಿದು ಅಳೆದವರು ಕಡಿಮೆ.

ನನಗೆ ಅಳೆಯಲೇಬೇಕಾದ ಕಾರಣ ಒಂದಿತ್ತು. ಅದು ಒಂದು ಕಲ್ಲು. ನಗಬೇಡಿ.

ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ಊರ ಕೆರೆ ಏರಿ ಹತ್ತಿರ ಒಂದು ವೀರಗಲ್ಲು ಅರ್ಧ ಹೂತುಕೊಂಡು ನಿಂತಿತ್ತು. ಎಮ್ಮೆ ಕಟ್ಟಲು ಅನುಕೂಲ ಅಂತ ಯಾರೂ ಅದನ್ನು ಕೀಳಿಸಿರಲಿಲ್ಲ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಅಂತಸ್ತು ಇರುತ್ತದೆ. ಕೆಳಗೆ ಯುದ್ಧ, ಮಧ್ಯದಲ್ಲಿ ಸತ್ತವನನ್ನು ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಕೈಲಾಸ. ಈ ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಅಕ್ಷರ. ಇದೆಲ್ಲ ಈಗ ಗೊತ್ತು. ಆಗ ಗೊತ್ತಿದ್ದದ್ದು ಇದು ಕನ್ನಡವೇ ಆದರೂ ನನಗೆ ಓದಲು ಬರುತ್ತಿಲ್ಲ ಅನ್ನುವುದು ಮಾತ್ರ. ಮೇಷ್ಟ್ರನ್ನು ಕೇಳಿದರೆ ಅವರಿಗೂ ಬರುತ್ತಿರಲಿಲ್ಲ. ಪಿಯುಸಿ ಮುಗಿದಾಗ ಹಿಸ್ಟರಿ ತಗೊಳ್ತೀನಿ ಅಂದೆ. ಅಪ್ಪನಿಗೆ ಪೇಟೆಯಲ್ಲಿ ಕಿರಾಣಿ ಅಂಗಡಿ, ನಾವು ಮೂರು ಹೆಣ್ಣುಮಕ್ಕಳು. "ಬಿ.ಕಾಂ. ಮಾಡಮ್ಮ, ಎಲ್ಲಿ ಹೋದ್ರೂ ಲೆಕ್ಕ ಬರೆಯೋರು ಬೇಕಾಗುತ್ತೆ" ಅಂದರು. ಅದರಲ್ಲಿ ತಪ್ಪೇನಿಲ್ಲ. ಆ ಮಾತು ನನಗೆ ಇಪ್ಪತ್ತು ವರ್ಷದ ಮೇಲೆ ಅನ್ನ ಹಾಕಿದೆ. ಕನಸು ಕಸಿದುಕೊಂಡರು ಅಂತ ಅಪ್ಪನ ಮೇಲೆ ಕಣ್ಣೀರಿನ ಕಥೆ ಬರೆಯುವ ಆಸೆ ನನಗಿಲ್ಲ.

ಆದರೆ ಆ ಅಕ್ಷರ ತಲೆಯಿಂದ ಹೋಗಲೂ ಇಲ್ಲ. ಬೆಂಗಳೂರಿಗೆ ಬಂದ ಮೇಲೆ ಇನ್ನೂ ಜಾಸ್ತಿಯಾಯಿತು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂಬತ್ತನೇ ಶತಮಾನದ ಕೊನೆಯ ಹೊತ್ತಿನ ಒಂದು ಕಲ್ಲಿದೆ, ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಬೆಂದಕಾಳೂರು ಕಥೆ ಕೇಳಿಕೊಂಡು ಬೆಳೆದ ನಮಗೆ ಈ ಒಂದು ಕಲ್ಲು ಸಾಕು ಗಾಬರಿಯಾಗಲು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಇನ್ನೂ ಹಳೆಯದು, ಸುಮಾರು ಕ್ರಿ.ಶ. 750ರದು. ಫ್ಲೈಓವರ್ ಟ್ರಾಫಿಕ್ಕಿನಲ್ಲಿ ಕೂತು ಹೆಬ್ಬಾಳವನ್ನು ಬೈಯುವಾಗೆಲ್ಲ ಇಲ್ಲೇ ಎಲ್ಲೋ ಒಬ್ಬ ಕಿತ್ತಯ್ಯ ಹೋರಾಡಿ ಸತ್ತ ಅಂತ ನೆನಪಾಗುತ್ತಿತ್ತು. ಹಳೆಯ ಲಿಪಿ ಕಲಿಯಬೇಕು, ಕಲ್ಲಿನ ಮುಂದೆ ಕೂತು ನಾನೇ ಓದಬೇಕು, ಇನ್ನೊಬ್ಬರು ಓದಿ ಹೇಳಿದ್ದನ್ನಲ್ಲ. ಇದೇ ಆಸೆ. ದೊಡ್ಡದೇನಲ್ಲ ಅಲ್ವಾ? ಪೆನ್ಸಿಲ್ಲು, ಪುಸ್ತಕ, ಟಾರ್ಚು, ಒಂದಿಷ್ಟು ಸೀಮೆಸುಣ್ಣ. ಖರ್ಚಿನ ವಿಷಯಕ್ಕೆ ಬಂದರೆ ಇದಕ್ಕಿಂತ ಅಗ್ಗದ ಕನಸು ಸಿಗುವುದು ಕಷ್ಟ. ಇದಕ್ಕೆ ಬೇಕಾದ ದುಬಾರಿ ಸಾಮಾನು ಒಂದೇ, ಹಗಲು. ಆಫೀಸಿಗೆ ಮಾರಿಬಿಟ್ಟಿದ್ದ ಹಗಲು.

ನಡುವಯಸ್ಸಿನಲ್ಲಿ ಶಾಸನದ ಹಿಂದೆ ಬೀಳುವ ಮಾತು ಬಂದರೆ ಎಲ್ಲರೂ ಬಿ.ಎಲ್. ರೈಸ್ ಉದಾಹರಣೆ ಕೊಡುತ್ತಾರೆ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮನುಷ್ಯ. ಶಿಕ್ಷಣ ಇಲಾಖೆಯಲ್ಲಿ ಕೆಲಸ. ಪುರಾತತ್ವ ಇಲಾಖೆಯ ಹೊಣೆ ಬಂದಾಗ ನಲವತ್ತು ದಾಟಿತ್ತು. 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಸಂಪುಟಗಳು ಬರತೊಡಗಿದವು, ಸಾವಿರಾರು ಶಾಸನ ಒಂದು ಕಡೆ ಸೇರಿದವು. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಒಂದು ಮಾತು. ಅವರಿಗೆ ಸರ್ಕಾರದ ಸಂಬಳ ಬರುತ್ತಿತ್ತು, ಅದೂ ಆ ಕೆಲಸಕ್ಕೇ. ನಡುವಯಸ್ಸಿನಲ್ಲಿ ಕನಸು ಹಿಂಬಾಲಿಸಿದವರ ಕಥೆ ಓದುವಾಗ ನಾನು ಮೊದಲು ಹುಡುಕುವುದು ಅವರ ಮನೆ ಬಾಡಿಗೆ ಯಾರು ಕಟ್ಟುತ್ತಿದ್ದರು ಅನ್ನುವುದನ್ನು. ಕೆಲಸದ ಚಾಳಿ.

ನಮ್ಮ ಮನೆಯಲ್ಲಿ ಕಟ್ಟುತ್ತಿದ್ದದ್ದು ಇಎಂಐ. ಗೃಹಸಾಲ ಅಂದರೆ ಏನು ಅಂತ ಒಂದು ಲೆಕ್ಕ ಹೇಳುತ್ತೇನೆ, ನಮ್ಮದಲ್ಲ, ಸುಮ್ನೆ ಉದಾಹರಣೆಗೆ. 50 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ. ತಿಂಗಳ ಕಂತು 43,391 ರೂಪಾಯಿ. ಎಲ್ಲ ಮುಗಿಯುವ ಹೊತ್ತಿಗೆ ಕಟ್ಟಿದ್ದು ಒಂದು ಕೋಟಿ ನಾಲ್ಕು ಲಕ್ಷ. ಅಂದರೆ ತಗೊಂಡ ಸಾಲಕ್ಕಿಂತ ಕೊಟ್ಟ ಬಡ್ಡಿಯೇ ಜಾಸ್ತಿ. ಇದನ್ನು ಎಲ್ಲರೂ ಬರೆಯುತ್ತಾರೆ. ಆದರೆ ಕೊನೆಯ ಕಂತು ಕಟ್ಟಿದ ಮುಂದಿನ ತಿಂಗಳ ಬಗ್ಗೆ ಯಾರೂ ಬರೆಯುವುದಿಲ್ಲ. ನಡುವಯಸ್ಸಿನ ನಿಜವಾದ ಕವಲು ದಾರಿ ಅದೇ ಅಂತ ನನ್ನ ಅಭಿಪ್ರಾಯ. ಆ ತಿಂಗಳು ಕೈಯಲ್ಲಿ ಇದ್ದಕ್ಕಿದ್ದಂತೆ ಹಣ ಉಳಿಯುತ್ತದೆ, ಮತ್ತು ಆ ಹಣಕ್ಕೆ ಇನ್ನೂ ಹೆಸರಿಲ್ಲ. ಎರಡು ಮೂರು ತಿಂಗಳು ಬಿಟ್ಟರೆ ಅದು ತಾನೇ ಒಂದು ಹೆಸರು ಇಟ್ಟುಕೊಳ್ಳುತ್ತದೆ. ದೊಡ್ಡ ಕಾರು, ಎರಡನೇ ಸೈಟು, ಮಾಡ್ಯುಲರ್ ಕಿಚನ್. ನಮ್ಮ ಮನೆಯಲ್ಲೂ ಕಾರಿನ ಶೋರೂಮಿಗೆ ಹೋಗಿ ಬಂದಾಗಿತ್ತು. ಟೆಸ್ಟ್ ಡ್ರೈವ್ ಮುಗಿಸಿ ಬಂದ ನಮ್ಮನೆಯವರ ಮುಖ ನೋಡಿದರೆ ನನಗೇ ಪಾಪ ಅನ್ನಿಸುತ್ತಿತ್ತು. ಆ ವಾರವೇ ನಾನು ನೋಟ್‌ಬುಕ್ ತೆಗೆದು ಅವರ ಮುಂದೆ ಇಟ್ಟೆ.

ಅದರಲ್ಲಿದ್ದದ್ದು ಮನೆ ಖರ್ಚು, ಮೂರು ಭಾಗ ಮಾಡಿ ಬರೆದದ್ದು. ಬಿಟ್ಟರೆ ಬದುಕಲಾಗದ್ದು. ಬಿಟ್ಟರೆ ಬೇಜಾರಾಗುವುದು. ಬಿಟ್ಟರೆ ನೆಂಟರು ಮಾತಾಡಿಕೊಳ್ಳುವುದು. ಮೊದಲನೆಯದರಲ್ಲಿ ದಿನಸಿ, ಹಾಲು, ಕರೆಂಟು, ಗ್ಯಾಸು, ಅತ್ತೆಯ ಔಷಧಿ, ಮಗಳ ಫೀಸು. ಎರಡನೆಯದರಲ್ಲಿ ತಿಂಗಳಿಗೊಂದು ನಾಟಕ, ಭಾನುವಾರದ ಮಸಾಲೆ ದೋಸೆ, ನನ್ನ ಮಲ್ಲಿಗೆ ಹೂವು. ಮೂರನೆಯದು ನಾನು ಅಂದುಕೊಂಡದ್ದಕ್ಕಿಂತ ಬಹಳ ಉದ್ದ ಬಂತು. ಮುಯ್ಯಿಗೆ ಹಾಕುವ ದುಡ್ಡು, ಗೃಹಪ್ರವೇಶಕ್ಕೆ ಬೆಳ್ಳಿ ಲೋಟ, ಒಂದು ಸಲ ಉಟ್ಟ ರೇಷ್ಮೆ ಸೀರೆ ಅದೇ ಬಳಗದ ಮುಂದೆ ಮತ್ತೆ ಉಡಬಾರದು ಅನ್ನುವ ಹಾಳು ನಿಯಮ, ಯಾರೂ ಕೂರದ ಹಾಲಿಗೆ ಹೊಸ ಸೋಫಾ. ಇದನ್ನೆಲ್ಲ ಪೂರ್ತಿ ಬಿಡಲು ಆಗುವುದಿಲ್ಲ, ನಾವು ಜನರ ನಡುವೆ ಬದುಕುವವರು. ಅರ್ಧ ಮಾಡಬಹುದು. ಮಾಡಿದೆವು. ಆಮೇಲೆ ಉಳಿದದ್ದು ನಮ್ಮ ತಿಂಗಳ ಸಂಖ್ಯೆ, ಮೇಲೆ ಹೇಳಿದ 55 ಸಾವಿರ.

ಇನ್ನು ಪಿಂಚಣಿ. ಖಾಸಗಿ ಕಂಪನಿಯಲ್ಲಿ ದುಡಿಯುವ ನನ್ನಂಥವರು ಒಮ್ಮೆ ಕೂತು ಈ ಲೆಕ್ಕ ಹಾಕಲೇಬೇಕು. ಪಿಎಫ್ ಅಂತ ನಮ್ಮ ಸಂಬಳದಿಂದ 12% ಹೋಗುತ್ತದೆ, ಕಂಪನಿಯೂ 12% ಹಾಕುತ್ತದೆ. ಆದರೆ ಕಂಪನಿಯ ಪಾಲಿನಲ್ಲಿ 8.33% ಪಿಂಚಣಿ ನಿಧಿಗೆ ಹೋಗುತ್ತದೆ, ಅದೂ 15 ಸಾವಿರ ಸಂಬಳದ ಮಿತಿಯ ಮೇಲೆ. ಅಂದರೆ ತಿಂಗಳಿಗೆ 1,250 ರೂಪಾಯಿ, ನಿಮ್ಮ ಸಂಬಳ ಲಕ್ಷ ಇದ್ದರೂ ಅಷ್ಟೇ. ಮುಂದೆ ಸಿಗುವ ಪಿಂಚಣಿಯ ಸೂತ್ರ ಸರಳ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 15 ಸಾವಿರವನ್ನೇ ಪೂರ್ತಿ ಹಿಡಿದು, ಇಪ್ಪತ್ತು ವರ್ಷ ದಾಟಿದವರಿಗೆ ಸೇರಿಸಿಕೊಡುವ ಎರಡು ವರ್ಷವನ್ನೂ ಕೂಡಿಸಿದರೂ 25 ವರ್ಷ ದುಡಿದವರಿಗೆ ಬರುವುದು 5,786 ರೂಪಾಯಿ. ಇದನ್ನು ಹೇಳಿದಾಗ ನನ್ನ ಜೊತೆಯವರೊಬ್ಬರು ಕ್ಯಾಲ್ಕುಲೇಟರ್ ಕಸಿದುಕೊಂಡು ಮತ್ತೆ ಒತ್ತಿ ನೋಡಿದರು. ಅಷ್ಟೇ ಬಂತು. ಪಿಎಫ್ ಮೊತ್ತ ಬೇರೆ ಇದೆ, ಅದಕ್ಕೆ 2024-25ಕ್ಕೆ 8.25% ಬಡ್ಡಿ ಕೊಟ್ಟಿದ್ದಾರೆ, ನಮ್ಮ ಕಾಲದಲ್ಲಿ ಇದು ಒಳ್ಳೆಯ ಬಡ್ಡಿಯೇ. ಆದರೆ ಸರ್ಕಾರಿ ನೌಕರರಾಗಿದ್ದ ಚಿಕ್ಕಪ್ಪನ ಹಾಗೆ ಒಂದನೇ ತಾರೀಕು ಕಾಲ ಮೇಲೆ ಕಾಲು ಹಾಕಿಕೊಂಡು ಪಾಸ್‌ಬುಕ್ ನೋಡುವ ಯೋಗ ನಮ್ಮ ತಲೆಮಾರಿನ ಖಾಸಗಿಯವರಿಗೆ ಇಲ್ಲ. ಆಸ್ಪತ್ರೆ ವಿಮೆ ಇನ್ನೊಂದು. ಕೆಲಸ ಬಿಟ್ಟ ದಿನವೇ ಕಂಪನಿಯ ವಿಮೆಯೂ ಹೋಗುತ್ತದೆ. ಅದಕ್ಕೇ ಕೆಲಸ ಬಿಡುವುದಕ್ಕೆ ಮುಂಚೆಯೇ ಸ್ವಂತ ವಿಮೆ ತಗೊಂಡೆ. ವೈಯಕ್ತಿಕ ಪಾಲಿಸಿ ಮೇಲಿದ್ದ 18% ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಯಿತು, ಅಷ್ಟಾದರೂ ಹಗುರ.

ಈಗ ತಮಾಷೆಯ ವಿಷಯಕ್ಕೆ ಬರುತ್ತೇನೆ. ಬೇಗ ನಿವೃತ್ತಿ ಬಗ್ಗೆ ಮಾತಾಡುವ ಹುಡುಗರೆಲ್ಲ 4% ನಿಯಮ ಅಂತ ಒಂದು ಹೇಳುತ್ತಾರೆ. ಅಮೆರಿಕದ ವಿಲಿಯಂ ಬೆಂಗೆನ್ ಅನ್ನುವ ಹಣಕಾಸು ಸಲಹೆಗಾರರು 1994ರಲ್ಲಿ ಹೇಳಿದ್ದು. ಮೊದಲ ವರ್ಷ ಗಂಟಿನ 4% ಮಾತ್ರ ತೆಗೆದು, ಮುಂದೆ ಬೆಲೆಯೇರಿಕೆಗೆ ತಕ್ಕಷ್ಟು ಏರಿಸಿಕೊಂಡು ಹೋದರೆ 30 ವರ್ಷ ಗಂಟು ಬರಿದಾಗುವುದಿಲ್ಲ ಅಂತ ಅಮೆರಿಕದ ಹಳೆಯ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ವರ್ಷದ ಖರ್ಚಿನ 25 ಪಟ್ಟು ಕೂಡಿಸಿ ಅನ್ನುವುದು ಇಲ್ಲಿಂದಲೇ ಬಂದದ್ದು. ನಮ್ಮ 55 ಸಾವಿರಕ್ಕೆ ಅದು 1.65 ಕೋಟಿ. ನಮ್ಮಲ್ಲಿ ಅಷ್ಟಿಲ್ಲ. ಇದ್ದರೂ ಅಮೆರಿಕದ ಷೇರುಪೇಟೆಯ ಲೆಕ್ಕ ಅರಸೀಕೆರೆಯವಳಿಗೆ ಹಾಗೇ ಒಗ್ಗುತ್ತದೆ ಅಂತ ನಾನು ನಂಬುವುದಿಲ್ಲ. ಇಲ್ಲಿ ಬೆಲೆ ವರ್ಷಕ್ಕೆ 6% ಏರಿದರೂ 12 ವರ್ಷದಲ್ಲಿ ಎಲ್ಲವೂ ದುಪ್ಪಟ್ಟು.

ಆದರೆ ಅಸಲು ಉಳಿಸಿಕೊಂಡು ಫಲ ಮಾತ್ರ ತಿನ್ನುವ ಯೋಚನೆ ನಮಗೆ ಅಮೆರಿಕದಿಂದ ಬರಬೇಕಾಗಿರಲಿಲ್ಲ. ಶಾಸನ ಓದಲು ಶುರು ಮಾಡಿದ ಮೇಲೆ ಮತ್ತೆ ಮತ್ತೆ ಎದುರಾದದ್ದು ಇದೇ. ದೇವಸ್ಥಾನಕ್ಕೆ ನಂದಾದೀವಿಗೆ ಬಿಡುತ್ತಾರೆ, ಅಂದರೆ ಆರದೆ ಉರಿಯುವ ದೀಪ. ಅದಕ್ಕೆ ಇಷ್ಟು ಗದ್ಯಾಣ, ಅಂದರೆ ಆಗಿನ ಚಿನ್ನದ ನಾಣ್ಯ, ಕೊಟ್ಟು ಆ ಹೊನ್ನಿನ ಬಡ್ಡಿಯಲ್ಲಿ ಎಣ್ಣೆ ನಡೆಯಬೇಕು ಅಂತ ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಹೊಯ್ಸಳರ ಕಾಲದಲ್ಲಿ ಶ್ರವಣಬೆಳಗೊಳದ ಗೊಮ್ಮಟನ ಅಭಿಷೇಕದ ಹಾಲಿಗೂ ಹೀಗೇ ಬಡ್ಡಿ ಹಣದ ಏರ್ಪಾಡು ಇತ್ತು. ಅಸಲು ಮುಟ್ಟುವ ಹಾಗಿಲ್ಲ. ಸೂರ್ಯ ಚಂದ್ರ ಇರುವವರೆಗೆ ನಡೆಯಬೇಕು. ಯಾರಾದರೂ ಕೈ ಹಾಕಿದರೆ? ಅದಕ್ಕೂ ಕೊನೆಯಲ್ಲಿ ಒಂದು ಶಾಪ ಇರುತ್ತದೆ. ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ. ಯಾವ ಬ್ಯಾಂಕಿನ ಷರತ್ತಿನಲ್ಲೂ ಇಷ್ಟು ಖಡಕ್ ಮಾತು ನಾನು ನೋಡಿಲ್ಲ. ನಮ್ಮ ಎಫ್‌ಡಿ ರಸೀದಿಗಳ ಫೈಲಿನ ಮೇಲೆ ಪೆನ್ಸಿಲ್ಲಿನಲ್ಲಿ ಆ ಹುಳುವಿನ ಸಾಲು ಬರೆದಿಟ್ಟಿದ್ದೇನೆ. ನಮ್ಮನೆಯವರು ಓದಿ ಒಂದು ಸಲ ನಕ್ಕರು, ಆಮೇಲೆ ಕಾರಿನ ಮಾತು ತೆಗೆಯಲಿಲ್ಲ.

ಹಾಗಾದರೆ ಕೆಲಸ ಪೂರ್ತಿ ಬಿಟ್ಟೆನಾ? ಇಲ್ಲ. ನಮ್ಮ ಗಂಟಿನಿಂದ ಅಷ್ಟು ತಿಂಗಳು ಬರುವುದಿಲ್ಲ ಅಂತ ಗೊತ್ತಾದ ಮೇಲೆ ಪ್ರಶ್ನೆ ಬದಲಾಯಿತು. ಪೂರ್ತಿ ಬಿಡದೆ ಹಗಲನ್ನು ವಾಪಸ್ ತಗೊಳ್ಳುವುದು ಹೇಗೆ? ಉತ್ತರ ನನ್ನ ಕಸುಬಿನಲ್ಲೇ ಇತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಿನಿಂದ ಸಣ್ಣ ಅಂಗಡಿಗಳವರಿಗೆ ರಿಟರ್ನ್ ಹಾಕಿಕೊಡುವವರು ಬೇಕೇ ಬೇಕು. ಬಿ.ಕಾಂ. ಆದವರು ಜಿಎಸ್‌ಟಿ ಪ್ರಾಕ್ಟೀಷನರ್ ಅಂತ ನೋಂದಾಯಿಸಿಕೊಳ್ಳಬಹುದು. ತಿಂಗಳ ರಿಟರ್ನ್ ಹಾಕುವವರಿಗೆ ಮಾರಾಟದ ಲೆಕ್ಕ 11ನೇ ತಾರೀಕಿನೊಳಗೆ, ತೆರಿಗೆ ಕಟ್ಟಿ 3ಬಿ ಅನ್ನುವ ರಿಟರ್ನ್ ಹಾಕುವುದು 20ರೊಳಗೆ. ಕೆಲಸವೆಲ್ಲ ತಿಂಗಳ ಮೊದಲ ಮೂರು ವಾರಕ್ಕೆ ಬಂದು ಬೀಳುತ್ತದೆ. ಇಪ್ಪತ್ತು ದಾಟಿತೋ, ಫೋನು ತಣ್ಣಗಾಗುತ್ತದೆ. ಹಾರ್ಡ್‌ವೇರ್ ಅಂಗಡಿ, ಬಟ್ಟೆ ಅಂಗಡಿ, ಪ್ರಿಂಟಿಂಗ್ ಪ್ರೆಸ್ಸು, ಒಂದು ಬೇಕರಿ, ಹೀಗೆ ಗಿರಾಕಿಗಳು ಒಬ್ಬರಿಂದ ಒಬ್ಬರು ಸಿಕ್ಕಿದರು. ಸಂಬಳದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಇಪ್ಪತ್ತರ ನಂತರದ ತಿಂಗಳು ಮಾತ್ರ ಪೂರ್ತಿ ನನ್ನದು.

ನೆಂಟರಿಗೆ ಇದು ಅರ್ಥವಾಗುವುದು ತಡವಾಯಿತು. "ಕೆಲಸದಿಂದ ತೆಗೆದ್ರಂತೆ ಪಾಪ" ಅಂತ ಒಂದು ಗುಂಪು. "ಏನೋ ಕಾಯಿಲೆ ಇರಬೇಕು, ಹೇಳ್ಕೊಳ್ತಿಲ್ಲ" ಅಂತ ಇನ್ನೊಂದು. ಅತ್ತೆ ಒಬ್ಬರೇ ನೇರ ಕೇಳಿದರು. "ಮನೇಲಿರ್ತೀಯಾ ಅಂದ್ರೆ ಇನ್ಮೇಲೆ ಅಡುಗೆಯವಳನ್ನ ಬಿಡಿಸೋಣ್ವಾ?" ಬೇಡ ಅತ್ತೆ, ನಾನು ಮನೆಯಲ್ಲಿರುವುದಿಲ್ಲ, ಕಲ್ಲು ನೋಡಲು ಹೋಗುತ್ತೇನೆ ಅಂದೆ. ಹೆಂಗಸರು ಕೆಲಸ ಬಿಟ್ಟರೆ ಆ ಸಮಯ ಮನೆಗೆ ಸೇರಿದ್ದು ಅಂತ ಎಲ್ಲರೂ ತಾವೇ ಲೆಕ್ಕ ಬರೆದುಕೊಂಡಿರುತ್ತಾರೆ. ಗಂಡಸರು ಬಿಟ್ಟರೆ ಅವರ ಮರ್ಯಾದೆಯನ್ನು ಪ್ರಶ್ನೆ ಮಾಡುತ್ತಾರೆ, ನಮ್ಮದಾದರೆ ನಮ್ಮ ಹೊತ್ತನ್ನೇ ಹಂಚಿಕೊಂಡುಬಿಡುತ್ತಾರೆ. ಅತ್ತೆಗೆ ಕೋಪ ಬಂತು, ಎರಡು ವಾರದಲ್ಲಿ ಇಳಿಯಿತು. ಈಗ ನನ್ನ ಫೋಟೋಗಳನ್ನು ನೋಡಿ "ಇದರಲ್ಲಿ ಏನಂತ ಬರ್ದಿದೆ?" ಅಂತ ಕೇಳುತ್ತಾರೆ.

ತೃಪ್ತಿಯ ವಿಷಯ ಬರೆಯಬೇಕು, ಆದರೆ ಸ್ವಲ್ಪ ಸಿಟ್ಟಿನಿಂದ. ಇದ್ದುದರಲ್ಲಿ ತೃಪ್ತಿ ಪಡಬೇಕು ಅನ್ನುವ ಉಪದೇಶ ನಮ್ಮಲ್ಲಿ ಯಾವಾಗಲೂ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಮೂರು ಮನೆ ಇರುವವರು ಬಾಡಿಗೆಯವರಿಗೆ ಹೇಳುತ್ತಾರೆ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ದುಡ್ಡನ್ನು ತಿಂಗಳಲ್ಲಿ ಎಣಿಸುವುದಿಲ್ಲ, ದಿನದಲ್ಲಿ ಎಣಿಸುತ್ತಾಳೆ. ಗೃಹಲಕ್ಷ್ಮಿಯ 2,000 ಬಂತಾ ಇಲ್ಲವಾ ಅನ್ನುವುದರ ಮೇಲೆ ಅವಳ ಚೀಟಿ ಕಂತು ನಿಂತಿದೆ. ಅವಳಿಗೆ ಹೋಗಿ ತೃಪ್ತಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನ ಈ ಕಲ್ಲಿನ ಹುಚ್ಚಿನ ಕೆಳಗೂ ನಮ್ಮನೆಯವರ ಸಂಬಳ ಇದೆ, ಸಾಲ ತೀರಿದ ಮನೆ ಇದೆ. ಅದನ್ನು ಮರೆಮಾಚಿ ಧೈರ್ಯ ಮಾಡಿದರೆ ಎಲ್ಲ ಆಗುತ್ತದೆ ಅಂತ ಬರೆದರೆ ಅದು ಸುಳ್ಳು ಲೆಕ್ಕ.

ಆಯ್ದಕ್ಕಿ ಲಕ್ಕಮ್ಮನ ಕಥೆ ಈ ವಿಷಯದಲ್ಲಿ ನನಗೆ ಇಷ್ಟ. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದಾಗ ಅವಳು, ಇಷ್ಟು ನಮಗೆ ಬೇಡ, ಹೆಚ್ಚಾದದ್ದನ್ನು ಹಾಕಿ ಬಾ ಅಂದಳು. ಅವಳ ತ್ಯಾಗವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಕಾಣುವುದು ಅವಳ ಅಳತೆ. ನೋಡಿದ ತಕ್ಷಣ ಇದು ಜಾಸ್ತಿ ಅಂತ ಹೇಳಬೇಕಾದರೆ ದಿನಕ್ಕೆ ಎಷ್ಟು ಬೇಕು ಅಂತ ಅವಳಿಗೆ ಸರಿಯಾಗಿ ಗೊತ್ತಿರಬೇಕು. ಮತ್ತೆ ಅದನ್ನು ಹೇಳಿದ್ದು ಗಂಡನಿಗೆ, ತನ್ನದೇ ಮನೆಯೊಳಗೆ. ಬಡವರ ಓಣಿಗೆ ಹೋಗಿ ಭಾಷಣ ಮಾಡಲಿಲ್ಲ. (ಲಕ್ಕಮ್ಮನಿಗೆ ಇಂಜಿನಿಯರಿಂಗ್ ಸೀಟಿನ ಚಿಂತೆ ಇರಲಿಲ್ಲ ಅನ್ನುವುದೂ ನಿಜ.)

ತೋಟದ ಕನಸಿನ ಬಗ್ಗೆ ಒಂದೆರಡು ಮಾತು, ಯಾಕಂದರೆ ಬೆಂಗಳೂರಿನ ಅರ್ಧ ಐಟಿ ಅದರಲ್ಲೇ ಉಸಿರಾಡುತ್ತಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಯಿತು. ನನಗೆ ಪರಿಚಯದ ಒಬ್ಬರು ಮಲೆನಾಡಿನ ಕಡೆ ಜಾಗ ತಗೊಂಡು ಅಡಿಕೆ ಹಾಕಿದರು. ಒಳ್ಳೆಯ ಜಾಗ, ಒಳ್ಳೆಯ ನೀರು. ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಆ ಐದಾರು ವರ್ಷ ಗೊಬ್ಬರ, ಬೇಲಿ, ಆಳು, ಮಳೆಗಾಲಕ್ಕೆ ಬೋರ್ಡೋ ಔಷಧಿ ಸಿಂಪಡಣೆ, ಮೇಲಿಂದ ಎಲೆಚುಕ್ಕಿ ರೋಗದ ಭಯ. ಜಮೀನಿನ ಬೆಲೆ ಎಲ್ಲರೂ ಲೆಕ್ಕ ಹಾಕುತ್ತಾರೆ, ಆದಾಯವಿಲ್ಲದ ಆ ಅರವತ್ತು ಎಪ್ಪತ್ತು ತಿಂಗಳನ್ನು ಹಾಕುವುದಿಲ್ಲ. ಅವರು ಈಗ ವಾರಕ್ಕೆ ನಾಲ್ಕು ದಿನ ಲ್ಯಾಪ್‌ಟಾಪ್ ಮುಂದೆ, ಮೂರು ದಿನ ತೋಟದಲ್ಲಿ. ಸೋತರು ಅಂತ ಬೆಂಗಳೂರಿನವರು ಆಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರಿಗೂ ಅವರ ಇಪ್ಪತ್ತನೇ ತಾರೀಕು ಸಿಕ್ಕಿದೆ.

ಕಲಿಕೆ ಹೇಗೆ ನಡೆದಿದೆ ಅಂದರೆ, ನಿಧಾನ. ಬಹಳ ನಿಧಾನ. ಹಳೆಯ ಲಿಪಿಯಲ್ಲಿ ಕೆಲವು ಅಕ್ಷರಗಳು ಒಂದಕ್ಕೊಂದು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಕಲ್ಲು ಸವೆದಿದ್ದರೆ ಕೇಳಲೇಬೇಡಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ, ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗೆರೆಗಳು ಎದ್ದು ನಿಲ್ಲುತ್ತವೆ. ಕತ್ತಲಾದರೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ಅದೇ ಕೆಲಸ ಆಗುತ್ತದೆ. ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ಹಿರಿಯರೊಬ್ಬರು ಮಾಡಿ ತೋರಿಸಿದರು. ಅವರು ನಿವೃತ್ತ ಬ್ಯಾಂಕ್ ನೌಕರರು, ಎಪ್ಪತ್ತು ದಾಟಿದೆ, ಕಲ್ಲಿನ ಮುಂದೆ ಮಂಡಿಯೂರಿ ಕೂತರೆ ಏಳಿಸಲು ಇಬ್ಬರು ಬೇಕು, ಆದರೂ ಕೂರುತ್ತಾರೆ.

ಓಡಾಟಕ್ಕೆ ಖರ್ಚೇ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿ ಟಿಕೆಟ್ಟು. ಸಾಧಾರಣ ಬಸ್ಸು, ಎಲ್ಲ ಕಡೆ ನಿಲ್ಲುತ್ತದೆ, ನನಗೂ ಅದೇ ಬೇಕು. ಆ ಬಸ್ಸುಗಳಲ್ಲಿ ಕೂತರೆ ನನ್ನ ವಯಸ್ಸಿನ ಹೆಂಗಸರು ಎಷ್ಟು ಜನ ಅಂತೀರಿ. ಹೊಲದ ಕೆಲಸ ಮುಗಿಸಿ ಗುಂಪು ಕಟ್ಟಿಕೊಂಡು ಧರ್ಮಸ್ಥಳಕ್ಕೋ ಇನ್ನೆಲ್ಲಿಗೋ ಹೊರಟವರು. ಮದುವೆಯಾಗಿ ಬಂದ ಮೇಲೆ ತವರು ಬಿಟ್ಟು ಬೇರೆ ಊರು ನೋಡಿದ್ದು ಇದೇ ಮೊದಲು ಅಂತ ಒಬ್ಬಾಕೆ ಚಕ್ಕುಲಿ ಕೊಡುತ್ತಾ ಹೇಳಿದರು. ಬಿಟ್ಟಿ ಭಾಗ್ಯ ಅಂತ ಇದನ್ನು ಹಂಗಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಒಬ್ಬರ ನಡುವಯಸ್ಸಿನ ಕನಸು ಬರೀ ಬಸ್ ಚಾರ್ಜಿಗೆ ನಿಂತುಹೋಗಿತ್ತು ಅಂದರೆ ನಾಚಿಕೆ ಪಡಬೇಕಾದವರು ಅವರಲ್ಲ.

ಕಷ್ಟಪಟ್ಟು ಓದಿದ ಮೇಲೆ ಕಲ್ಲು ಏನು ಹೇಳುತ್ತದೆ? ಒಮ್ಮೆ ಇಡೀ ಬೆಳಗ್ಗೆ ಸೊಂಟ ಬಗ್ಗಿಸಿ, ಒಂದೊಂದೇ ಅಕ್ಷರ ಬರೆದುಕೊಂಡು, ಜೊತೆಯವರ ಸಹಾಯದಿಂದ ಓದಿ ಮುಗಿಸಿದರೆ ಅದು ಗಾಣದ ಮೇಲಿನ ತೆರಿಗೆ ವಿಷಯ. ಗಾಣದೆರೆ, ಮಗ್ಗದೆರೆ, ಸುಂಕ, ಯಾರಿಗೆ ಬಿಟ್ಟಿದ್ದಾರೆ, ಯಾವ ದೇವರಿಗೆ ಸೇರಬೇಕು. ವಿಜಯನಗರದ ಕಾಲಕ್ಕೆ ಬಂದರೆ ಮದುವೆಗೂ ಸುಂಕ. ಇಪ್ಪತ್ತರವರೆಗೆ ಜಿಎಸ್‌ಟಿ, ಇಪ್ಪತ್ತರ ಮೇಲೆ ಗಾಣದೆರೆ. ಸುಂಕದವರ ಹತ್ರ ಸುಖದುಃಖ ಹೇಳ್ಕೊಂಡ ಹಾಗಾಯ್ತು ನನ್ನ ಬಾಳು ಅಂತ ಅಲ್ಲೇ ಕೂತು ನಕ್ಕೆ. ಆದರೆ ಖುಷಿಗೆ ಕಡಿಮೆಯಿರಲಿಲ್ಲ. ಎಂಟುನೂರು ವರ್ಷ ಹಿಂದೆ ಯಾರೋ ನನ್ನ ಹಾಗೇ ಲೆಕ್ಕ ಇಟ್ಟಿದ್ದಾರೆ, ಅದು ತಾಳೆಯಾಗುತ್ತಿದೆ.

"ಇದರಿಂದ ಏನು ಬರುತ್ತೆ?" ಇದು ಎಲ್ಲರೂ ಕೇಳುವ ಪ್ರಶ್ನೆ. ಯೂಟ್ಯೂಬ್ ಚಾನೆಲ್ ಮಾಡು ಅಂತ ತಮ್ಮನಂಥ ಹುಡುಗನೊಬ್ಬ ಹೇಳಿದ. ಹೆರಿಟೇಜ್ ವಾಕ್ ಮಾಡಿಸಿ ತಲೆಗೆ ಐನೂರು ತಗೋ ಅಂತ ಇನ್ನೊಬ್ಬರು. ಬೇಡ. ದುಡ್ಡು ಬರುವ ಕೆಲಸ ನನಗೆ ಈಗಾಗಲೇ ಇದೆ, ಆ ಕೆಲಸ ಮಾಡಲು ಚೆನ್ನಾಗಿಯೂ ಬರುತ್ತದೆ. ಇಷ್ಟಪಟ್ಟದ್ದನ್ನೇ ವೃತ್ತಿ ಮಾಡಿಕೊಳ್ಳಿ ಅನ್ನುವ ಮಾತು ಇಪ್ಪತ್ತೈದರಲ್ಲಿ ಸರಿ ಇರಬಹುದು. ನಲವತ್ತೆಂಟರಲ್ಲಿ ನನಗೆ ಇಷ್ಟಪಟ್ಟದ್ದರ ಮೇಲೆ ಗಿರಾಕಿಗಳ ಭಾರ ಹಾಕುವ ಮನಸ್ಸಿಲ್ಲ. ಒಂದು ಕಲ್ಲು ಮೂರು ಭೇಟಿಗೂ ಓದಿಗೆ ಸಿಗದಿದ್ದರೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಆ ಸ್ವಾತಂತ್ರ್ಯಕ್ಕೇ ನಾನು ಅರ್ಧ ಸಂಬಳ ಬಿಟ್ಟುಕೊಟ್ಟಿರುವುದು.

ಈಗ ಮನೆಯಲ್ಲಿ ಹೊಸ ಅಧ್ಯಾಯ ಶುರುವಾಗಿದೆ. ಮಗಳಿಗೆ ಇಂಜಿನಿಯರಿಂಗ್ ಮುಗಿಯುತ್ತಾ ಬಂತು, ಹೊರದೇಶದಲ್ಲಿ ಎಂ.ಎಸ್. ಮಾಡಬೇಕಂತೆ. ಅವಳು ತಂದು ತೋರಿಸಿದ ಖರ್ಚಿನ ಪಟ್ಟಿ ನೋಡಿದರೆ ನಮ್ಮ ಎಷ್ಟೋ ತಿಂಗಳುಗಳು ಒಂದೇ ಸಲಕ್ಕೆ ಹೋಗುತ್ತವೆ. ಎಫ್‌ಡಿ ಮುರಿಯೋಣ, ಒಬ್ಬಳೇ ಮಗಳು ಅಂತ ಅವಳ ಅಪ್ಪ. ಶಿಕ್ಷಣ ಸಾಲ ತಗೊಳ್ಳಲಿ, ಓದಿ ದುಡಿದು ಅವಳೇ ತೀರಿಸಲಿ, ಹಳೆಯ ತೆರಿಗೆ ಪದ್ಧತಿಯಲ್ಲಿ ಎಂಟು ವರ್ಷ ಬಡ್ಡಿಗೆ ವಿನಾಯಿತಿಯೂ ಇದೆ ಅಂತ ನಾನು. ನನ್ನ ಕನಸಿಗೆ ತಿಂಗಳು ಉಳಿಸಿಕೊಂಡು ಮಗಳ ಕನಸಿಗೆ ಸಾಲ ತೋರಿಸುವುದು ಸ್ವಾರ್ಥವಾ? ಅವರು ಹೌದು ಅನ್ನುವ ಹಾಗೆ ನೋಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ನಾನು ಅರವತ್ತೈದರಲ್ಲಿ ಅವಳ ಮುಂದೆ ಕೈ ಚಾಚದಿರುವುದೂ ಅವಳಿಗೆ ನಾನು ಕೊಡುವ ದುಡ್ಡೇ ಅಂತ ನನ್ನ ವಾದ. ಮಗಳು ಇಬ್ಬರ ಮಾತೂ ಕೇಳಿ, ಎರಡರ ಎಕ್ಸೆಲ್ ಶೀಟ್ ಮಾಡಿಕೊಂಡು ಬಂದಿದ್ದಾಳೆ. ನನ್ನ ಮಗಳೇ, ಅನುಮಾನವಿಲ್ಲ. ನಿನ್ನೆ ರಾತ್ರಿ ಅದನ್ನು ಬಿಚ್ಚಿಕೊಂಡು ಕೂರಲು ಬಂದರು. ಇಪ್ಪತ್ತು ಮುಗಿಯುವವರೆಗೆ ಈ ಮಾತು ತೆಗೆಯಬೇಡಿ, ಹಾರ್ಡ್‌ವೇರ್ ಅಂಗಡಿಯವರ ಖರೀದಿ ಬಿಲ್ಲುಗಳೇ ಇನ್ನೂ ಬಂದಿಲ್ಲ ಅಂದೆ.